ಚನ್ನಪಟ್ಟಣದ ಹಳೆಯ ಅರಗಿನ ಸಾಮಾನು: ಚರಿತ್ರೆ, ಕಾಲನಿರ್ಣಯ, ಸಂಗ್ರಹ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣದಲ್ಲಿ ಮರವನ್ನು ಲೇತಿಗೆ ಕೊಟ್ಟು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು ಗೊಂಬೆ, ಗಿಲಕಿ, ಬುಗುರಿ, ಕುಂಕುಮದ ಭರಣಿ, ಬಳೆ, ಚದುರಂಗದ ಕಾಯಿ, ಆಟದ ಅಡುಗೆ ಪಾತ್ರೆಗಳನ್ನು ಮಾಡುತ್ತಾರೆ. ಇವನ್ನೆಲ್ಲ ಒಟ್ಟಾಗಿ ಅರಗಿನ ಸಾಮಾನು ಎನ್ನಬಹುದು. ಊರಿಗೆ ಬೊಂಬೆಗಳ ಊರೆಂಬ ಹೆಸರು ತಂದ ಈ ಕಸುಬಿನ ಬಗ್ಗೆ ಬರಹಗಳಿಗೆ ಕೊರತೆಯಿಲ್ಲ; ಅವು ಬಹುಪಾಲು ಇವತ್ತಿನ ಕಾರ್ಖಾನೆ, ಇವತ್ತಿನ ಮಾರುಕಟ್ಟೆ, ಇವತ್ತಿನ ಸಂಕಷ್ಟವನ್ನು ಕುರಿತವು. ಹಿಂದಿನ ತಲೆಮಾರುಗಳು ಮಾಡಿ ಮಾರಿದ ವಸ್ತುಗಳನ್ನು ಗುರುತಿಸುವುದು ಹೇಗೆ, ಕೂಡಿಡುವುದು ಹೇಗೆ, ಕೂಡಿಟ್ಟದ್ದರಿಂದ ತಿಳಿಯುವುದೇನು ಎಂಬುದು ಈ ಲೇಖನದ ವಿಷಯ. ಚನ್ನಪಟ್ಟಣದ ವಸ್ತುವೊಂದರ ವಯಸ್ಸು ಅದರ ರೂಪ, ಬಣ್ಣ, ಹೊಳಪುಗಳಲ್ಲಿ ನಿಶ್ಚಿತವಾಗಿ ಕಾಣಿಸುವುದಿಲ್ಲ. ಜೊತೆಗೆ ಉಳಿದು ಬಂದ ಚೀಟಿ, ಪೆಟ್ಟಿಗೆ, ಮನೆಯವರ ಮಾತು ಇವೇ ಅದನ್ನು ಹೇಳಬಲ್ಲವು. ಆದ್ದರಿಂದ ಇಲ್ಲಿ ಒಳ್ಳೆಯ ಸಂಗ್ರಹವೆಂದರೆ ಅಪರೂಪದ ತುಣುಕುಗಳ ರಾಶಿಯಲ್ಲ, ಹಿನ್ನೆಲೆ ಬರೆದಿಟ್ಟ ಸಾಧಾರಣ ವಸ್ತುಗಳ ಗುಂಪು.

ಮೊದಲು ತಯಾರಿಕೆಯನ್ನು ನೋಡಬೇಕು, ಏಕೆಂದರೆ ಗುರುತಿಸುವ ಮಾತೆಲ್ಲ ಅದರ ಮೇಲೆ ನಿಂತಿದೆ. ಪರಂಪರೆಯ ಮರ ಆಲೆ, ಅಂದರೆ ಹಾಲೆ. ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ ಎನಿಸಿಕೊಂಡ ಈ ಮರ ರಾಮನಗರ, ಮಾಗಡಿ, ಕನಕಪುರ ಸೀಮೆಯಲ್ಲಿರುವಂಥ ಒಣ ಕುರುಚಲು ಕಾಡುಗಳ ಜಾತಿಯದು. ಹೆಮ್ಮರವಾಗುವುದು ಅಪರೂಪ. ಆದರೆ ತಿರುಳು ದಂತದ ಬಣ್ಣಕ್ಕಿದ್ದು ನಯವಾಗಿರುತ್ತದೆ, ಎಳೆ ಬಿಗಿಯಾಗಿರುತ್ತದೆ, ಉಳಿ ತಾಗಿದರೆ ಸೀಳದೆ ಸುರುಳಿಯಾಗಿ ಬರುತ್ತದೆ. ಕಡಿದ ಮರವನ್ನು ಕೆಲವು ತಿಂಗಳು ಒಣಗಿಸಿ, ತುಂಡು ಮಾಡಿ, ಲೇತಿನಲ್ಲಿ ಕಡೆಯುತ್ತಾರೆ. ಆಕಾರ ಬಂದ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕುಂಚವಿಲ್ಲ, ಒಲೆಯಿಲ್ಲ. ಬಳಿಕ ಇಲ್ಲಿನವರು ತಾಳೆಗರಿ ಎನ್ನುವ, ಕೇದಗೆ ಜಾತಿಯ ಗಿಡದ ಎಲೆಯಿಂದ ತಿಕ್ಕಿದಾಗ ಅರಗು ಸಮನಾಗಿ ಹರಡಿ ಹೊಳಪು ಏಳುತ್ತದೆ. ಅರಗೆಂಬುದು ಮರಗಳ ಕೊಂಬೆಯ ಮೇಲೆ ಬದುಕುವ ಸಣ್ಣ ಕೀಟ ಸ್ರವಿಸುವ ರಾಳ. ಮದ್ಯಸಾರದಲ್ಲಿ ಅದು ಕರಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ, ಬಹುಕಾಲ ನೀರು ತಾಗಿದರೆ ಬೆಳ್ಳಗಾಗುತ್ತದೆ. ಈ ಮೂರು ಗುಣಗಳೇ ಹಳೆಯ ವಸ್ತುವಿಗೆ ಪರೀಕ್ಷೆಯೂ ಹೌದು, ಅಪಾಯವೂ ಹೌದು.

ಕಸುಬಿನ ಮೂಲವನ್ನು ಕುರಿತು ಎಲ್ಲರ ಬಾಯಲ್ಲಿರುವ ಮಾತು ಒಂದೇ: ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಕಲಿಸಿದನು. ಸಂಗ್ರಾಹಕರು ಇದನ್ನು ಅಲ್ಲಗಳೆಯಬೇಕಿಲ್ಲ, ಆದರೆ ತೂಗಿ ನೋಡಬೇಕು. 1799ರ ಮೇ ತಿಂಗಳಲ್ಲಿ ಟಿಪ್ಪು ಮಡಿದ. ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ. ಅವನ ವರದಿ 1807ರಲ್ಲಿ ಅಚ್ಚಾಯಿತು. ಊರೂರಿನ ಕೈಗಾರಿಕೆಯನ್ನು ಕೆದಕಿ ಕೇಳಿ ಬರೆಯುವುದೇ ಅವನ ಕೆಲಸವಾಗಿತ್ತು. ಚನ್ನಪಟ್ಟಣದಲ್ಲಿ ಅವನು ಎತ್ತಿ ಹೇಳುವುದು ಗಾಜಿನ ಬಳೆಗಳನ್ನು, ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿಯನ್ನು, ಒಳ್ಳೆಯ ಬಿಳಿ ಸಕ್ಕರೆಯನ್ನು. ಮುಂದೆ 1870ರ ದಶಕದಲ್ಲಿ ಬಿ.ಎಲ್. ರೈಸ್ ಮೈಸೂರು ಗ್ಯಾಸೆಟಿಯರ್ ಸಿದ್ಧಪಡಿಸುವ ಹೊತ್ತಿಗೆ ತಂತಿ, ಬಳೆಗಳ ಜೊತೆಗೆ ಅರಗಿನ ಸಾಮಾನೂ ಊರಿನ ಹೆಸರಾಂತ ಸರಕಿನ ಪಟ್ಟಿಗೆ ಸೇರಿದೆ. ಈ ಎರಡು ಸಾಕ್ಷ್ಯಗಳನ್ನು ಎದುರು ಬದುರು ಇಟ್ಟರೆ, ಅರಗಿನ ಕೆಲಸ ಊರಿಗೆ ಕೀರ್ತಿ ತರುವ ಮಟ್ಟಕ್ಕೆ ಬೆಳೆದದ್ದು 19ನೆಯ ಶತಮಾನದಲ್ಲಿ ಎಂದು ತೋರುತ್ತದೆ.

ಪ್ರವಾಸಿಯೊಬ್ಬ ಎತ್ತಿ ಹೇಳದ ಮಾತ್ರಕ್ಕೆ ಕಸುಬೇ ಇರಲಿಲ್ಲವೆನ್ನಬಹುದೇ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಬುಕಾನನ್ನನ ಕಣ್ಣು ದೂರ ಸಾಗುವ ಸರಕಿನ ಮೇಲಿತ್ತು. ಮನೆಯ ಜಗಲಿಯಲ್ಲಿ ಕೂತು ತೊಟ್ಟಿಲಿಗೆ ಗಿಲಕಿ ಕಡೆಯುವವನು ಅವನ ಲೆಕ್ಕಕ್ಕೆ ಬರದೆ ಹೋಗಿರಬಹುದು. ಇಲ್ಲಿನ ಮುಸ್ಲಿಂ ಕುಶಲಕರ್ಮಿ ಕುಟುಂಬಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನೆನಪನ್ನು ಕಟ್ಟುಕತೆಯೆಂದು ತಳ್ಳಿಹಾಕುವುದೂ ತಪ್ಪು. ಟಿಪ್ಪು ಹೊರಗಿನ ಕುಶಲಕರ್ಮಿಗಳನ್ನು ತನ್ನ ರಾಜ್ಯದಲ್ಲಿ ನೇಮಿಸಿಕೊಂಡದ್ದು ಚರಿತ್ರೆ ಬಲ್ಲ ಸಂಗತಿಯೇ. ಆದರೂ ಸಂಗ್ರಾಹಕರ ಮಟ್ಟಿಗೆ ತೀರ್ಮಾನ ಬದಲಾಗುವುದಿಲ್ಲ. ಪರಂಪರೆ ನಿಜವಾಗಿರಬಹುದು. ಹಾಗೆಂದು ಕೈಯಲ್ಲಿರುವ ಡಬ್ಬಿ ಆ ಕಾಲದ್ದೆಂದು ಆಗುವುದಿಲ್ಲ. ಕಸುಬಿನ ವಯಸ್ಸು ಬೇರೆ, ವಸ್ತುವಿನ ವಯಸ್ಸು ಬೇರೆ. ‘ಟಿಪ್ಪು ಕಾಲದ್ದು’ ಎಂಬ ವರ್ಣನೆಯೊಂದಿಗೆ ಮಾರಾಟಕ್ಕೆ ಬರುವ ಅರಗಿನ ವಸ್ತುವಿಗೆ ಕಾಗದದ ಆಧಾರವಿಲ್ಲದಿದ್ದರೆ ಆ ವರ್ಣನೆಗೆ ಬೆಲೆ ಕೊಡಬಾರದು.

ಇಂದು ನಾವು ಚನ್ನಪಟ್ಟಣದ ಗೊಂಬೆ ಎಂದು ಗುರುತಿಸುವ ರೂಪ 20ನೆಯ ಶತಮಾನದ್ದೆಂದು ನಂಬಲು ಹೆಚ್ಚು ಆಧಾರವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1911ರ ಆರ್ಥಿಕ ಸಮ್ಮೇಳನ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ವರ್ಷಗಳಲ್ಲಿ, ಮೈಸೂರು ಸರ್ಕಾರ ಸಣ್ಣ ಕೈಗಾರಿಕೆಗಳಿಗೆ ತರಬೇತಿ, ಯಂತ್ರ, ಪ್ರದರ್ಶನಗಳ ಮೂಲಕ ನೆರವಾಯಿತು. ಚನ್ನಪಟ್ಟಣದ ಗೊಂಬೆಗಳ ಪಿತಾಮಹರೆಂದು ಊರು ಇಂದಿಗೂ ನೆನೆಯುವ ಬಾವಾಸ್ ಮಿಯಾನ್ ಜಪಾನಿನ ತಯಾರಿಕೆಯ ಕ್ರಮಗಳನ್ನು ಇಲ್ಲಿ ಅಳವಡಿಸಿದರೆಂಬುದು ಗಟ್ಟಿಯಾಗಿ ಉಳಿದ ಪರಂಪರೆ. ಜಪಾನಿನ ಈಶಾನ್ಯ ಭಾಗದ ಕೊಕೆಶಿ ಗೊಂಬೆಗಳನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ಒಪ್ಪಿಗೆಯಾಗುತ್ತದೆ: ಕಡೆದ ದುಂಡು ಮೈ, ಅದರ ಮೇಲೆ ಕೂರಿಸಿದ ದುಂಡು ತಲೆ, ಕೈಕಾಲುಗಳನ್ನು ಬಿಟ್ಟುಬಿಟ್ಟ ಸರಳತೆ, ಬಣ್ಣದ ಪಟ್ಟಿಗಳಲ್ಲೇ ಉಡುಪನ್ನು ಸೂಚಿಸುವ ಜಾಣ್ಮೆ. ಹೋಲಿಕೆಯಿಂದ ಚನ್ನಪಟ್ಟಣದ ಹಿರಿಮೆ ಕುಗ್ಗುವುದಿಲ್ಲ. ಕೊಕೆಶಿಗೆ ಕುಂಚದಲ್ಲಿ ಬಣ್ಣ ಬರೆಯುತ್ತಾರೆ, ಇಲ್ಲಿ ಬಣ್ಣವೂ ಲೇತಿನಲ್ಲೇ ಹುಟ್ಟುತ್ತದೆ. ಹೊರಗಿನಿಂದ ರೂಪ ಬಂದರೂ ವಿದ್ಯೆ ಊರಿನದಾಗಿಯೇ ಉಳಿಯಿತು ಎಂಬುದು ಈ ಲೇಖಕನ ಅಭಿಪ್ರಾಯ.

ಕಾಲನಿರ್ಣಯದ ಕಷ್ಟ ಎಲ್ಲಿದೆಯೆಂದು ತಿಳಿಯಲು ಕಡೆದ ಮರದ ಇನ್ನೊಂದು ಸಂಗ್ರಹಲೋಕವನ್ನು ನೋಡಬೇಕು. ಇಟಲಿಯ ಹಳೆಯ ತಂಬಾಕು ಪೈಪುಗಳನ್ನು ಕೂಡಿಡುವವರು ಜಗತ್ತಿನಾದ್ಯಂತ ಇದ್ದಾರೆ. ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬೇರುಗಂಟಿನಿಂದ ಮಾಡಿದ ಆ ಪೈಪುಗಳ ಕೊರಳ ಮೇಲೆ ತಯಾರಕರ ಮುದ್ರೆ, ಆಕಾರದ ಸಂಖ್ಯೆ, ದರ್ಜೆಯ ಗುರುತು ಒತ್ತಿರುತ್ತವೆ. ಮಿಲಾನಿನಲ್ಲಿ 1876ರಲ್ಲಿ ಅಂಗಡಿ ತೆರೆದ ಸವಿನೆಲ್ಲಿ ಮನೆತನವಾಗಲಿ, ಕಾಂತೂ ಪಟ್ಟಣದಲ್ಲಿ ಕಾರ್ಲೊ ಸ್ಕೊತ್ತಿ 1947ರಲ್ಲಿ ಆರಂಭಿಸಿದ ಕಾಸ್ತೆಲ್ಲೊ ಆಗಲಿ, ಮುದ್ರೆ ಬದಲಾದ ಕ್ರಮವನ್ನು ಬಲ್ಲವರು ಪೈಪಿನ ಕಾಲವನ್ನು ಹತ್ತಿರ ಹತ್ತಿರ ಹೇಳಬಲ್ಲರು. ಮುದ್ರೆ ಇರುವುದರಿಂದಲೇ ಅಲ್ಲಿ ಬೆಲೆ ಕಟ್ಟುವ ಪದ್ಧತಿಯೂ ಬೆಳೆಯಿತು. ಕೊಕೆಶಿಯ ಚರಿತ್ರೆ ಇನ್ನೂ ಪಾಠವಾಗುವಂಥದ್ದು. ಹಳೆಯ ಕೊಕೆಶಿಗಳು ಬಹುಮಟ್ಟಿಗೆ ಸಹಿಯಿಲ್ಲದವು. 20ನೆಯ ಶತಮಾನದಲ್ಲಿ ಸಂಗ್ರಾಹಕರ ಆಸಕ್ತಿ ಬೆಳೆದ ಮೇಲೆ ಬುಡದಲ್ಲಿ ಮಾಡಿದವರ ಹೆಸರು ಬರೆಯುವುದು ರೂಢಿಯಾಯಿತು. ಚನ್ನಪಟ್ಟಣದಲ್ಲಿ ಇವೆರಡೂ ನಡೆಯಲಿಲ್ಲ. ಒಬ್ಬರು ಕಡೆದು, ಇನ್ನೊಬ್ಬರು ಅರಗು ಹಚ್ಚಿ, ಮತ್ತೊಬ್ಬರು ಕಣ್ಣು ಮೂಗು ಬರೆದು ಜೋಡಿಸಿದ ಗೊಂಬೆ ವ್ಯಾಪಾರಿಯ ಕೈ ಸೇರಿ, ಯಾರ ಹೆಸರೂ ಇಲ್ಲದೆ ಮನೆ ಸೇರಿತು. ಪೈಪು ಸಂಗ್ರಾಹಕರ ಅಳತೆಗೋಲು, ಅಂದರೆ ಮುದ್ರೆ, ಅಪರೂಪತೆ, ಬಳಸದ ಸ್ಥಿತಿ, ಇಲ್ಲಿ ಉಪಯೋಗಕ್ಕೆ ಬಾರದು.

ಮುದ್ರೆಯಿಲ್ಲದಾಗ ಜನ ಕಣ್ಣಿಗೆ ಕಾಣುವ ಲಕ್ಷಣಗಳ ಮೊರೆ ಹೋಗುತ್ತಾರೆ, ಮತ್ತು ಅವುಗಳಲ್ಲಿ ಹೆಚ್ಚಿನವು ದಾರಿ ತಪ್ಪಿಸುತ್ತವೆ. ಅರಿಸಿನ, ನೀಲಿಯಂಥ ಗಿಡಮೂಲದ ಮೆದು ಬಣ್ಣ ಕಂಡರೆ ಹಳೆಯದು, ಕಡುಬಣ್ಣ ಕಂಡರೆ ಹೊಸದು ಎಂಬ ನಂಬಿಕೆ ಇದಕ್ಕೆ ದೊಡ್ಡ ಉದಾಹರಣೆ. ವಾಸ್ತವ ಬಹುಮಟ್ಟಿಗೆ ತಿರುಗಾಮುರುಗಾ. ರಾಸಾಯನಿಕ ಬಣ್ಣಗಳು 19ನೆಯ ಶತಮಾನದ ಕೊನೆಗೇ ಭಾರತದ ಪೇಟೆಗಳಿಗೆ ಬಂದಿದ್ದವು. ಮಕ್ಕಳ ಆಟಿಕೆಯ ಸುರಕ್ಷತೆಗಾಗಿ, ವಿದೇಶದ ಖರೀದಿದಾರರಿಗಾಗಿ, ಸಸ್ಯಜನ್ಯ ಬಣ್ಣಗಳನ್ನು ಮತ್ತೆ ಪ್ರಚಾರಕ್ಕೆ ತಂದದ್ದು ಇತ್ತೀಚಿನ ದಶಕಗಳ ಕೆಲಸ. ಹಾಗಾಗಿ ಮಂದ ಹಳದಿಯ ಚಂದದ ಗಿಲಕಿ ಇತ್ತೀಚಿನದೂ, ಕಣ್ಣು ಕುಕ್ಕುವ ಗುಲಾಬಿಯ ಬುಗುರಿ ಅದರ ಅಜ್ಜನ ಕಾಲದ್ದೂ ಆಗಿರಲು ಸಾಧ್ಯ. ಕೈ ಲೇತಿನ ಗುರುತುಗಳೂ ಅಷ್ಟೇ. ಬಿಲ್ಲಿನ ಹಗ್ಗ ಸುತ್ತಿ ಹಿಂದೆ ಮುಂದೆ ತಿರುಗಿಸುವ ಕೈ ಲೇತಿನಲ್ಲಿ ಮರವನ್ನು ಎರಡು ಮೊಳೆಗಳ ನಡುವೆ ಹಿಡಿಸುವುದರಿಂದ ಎರಡು ತುದಿಗೂ ಸಣ್ಣ ಕುಳಿ ಉಳಿಯುವುದುಂಟು. ವಿದ್ಯುತ್ ಲೇತಿನ ಕೆಲಸದಲ್ಲಿ ಸಾಮಾನ್ಯವಾಗಿ ಒಂದೇ ಕಡೆ ಕತ್ತರಿಸಿದ ಗುರುತಿರುತ್ತದೆ. ಆದರೆ ವಿದ್ಯುತ್ ಬಂದ ದಿನವೇ ಕೈ ಲೇತು ಮೂಲೆ ಸೇರಲಿಲ್ಲ, ಸಣ್ಣ ನಯವಾದ ಕೆಲಸಕ್ಕೆ ಅದು ಮುಂದುವರಿಯಿತು. ಮರ ಒಂದಿಷ್ಟು ಹೆಚ್ಚು ನಂಬಿಕೆಗೆ ಅರ್ಹ: ರಬ್ಬರ್ ಮರ, ಸಿಲ್ವರ್ ಓಕ್ ಬಳಕೆ ಇತ್ತೀಚಿನ ದಶಕಗಳಲ್ಲಿ ಹೆಚ್ಚಿದ್ದರಿಂದ, ಬುಡದಲ್ಲಿ ಅರಗು ತಾಗದ ಜಾಗದಲ್ಲಿ ಕಣ್ಣಿಗೆ ಕಾಣುವ ರಂಧ್ರಗೆರೆಗಳಿದ್ದರೆ ವಸ್ತು ಬಹಳ ಹಳೆಯದಲ್ಲವೆಂದು ಊಹಿಸಬಹುದು. ಆಲೆಮರವಿದ್ದರೆ ಮಾತ್ರ ಏನನ್ನೂ ಹೇಳಲಾಗದು, ಏಕೆಂದರೆ ಅದು ಇಂದೂ ಬಳಕೆಯಲ್ಲಿದೆ.

ಊರಿನ ಗುರುತೂ ಇಷ್ಟೇ ಜಾರುವಂಥದ್ದು. ಆಂಧ್ರದ ಏಟಿಕೊಪ್ಪಾಕದವರು ಅಂಕುಡು ಎನ್ನುವುದೂ ಇದೇ ಮರವನ್ನೇ, ಅವರ ಅರಗಿನ ಕ್ರಮವೂ ಇದೇ. ತಮಿಳುನಾಡಿನ ಅಂಬಾಸಮುದ್ರದ ಚೊಪ್ಪು ಸಾಮಾನು, ವಾರಾಣಸಿಯ ಕಡೆದ ಆಟಿಕೆಗಳು ಹಳೆಯ ಮೈಸೂರಿನ ಮನೆಗಳಿಗೆ ಮದುವೆ, ವರ್ಗಾವಣೆ, ತೀರ್ಥಯಾತ್ರೆಗಳ ಹಾದಿಯಲ್ಲಿ ಬಂದು ಸೇರಿರುವುದು ಸಹಜ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯನ್ನು ಬೇರ್ಪಡಿಸುವುದು ಸುಲಭ, ಅದು ಕೆತ್ತಿ ಲೇಪ ಕೊಟ್ಟು ಬಣ್ಣ ಬರೆದದ್ದು. ಉಳಿದವುಗಳ ವಿಷಯದಲ್ಲಿ ಬರಿಗಣ್ಣಿನ ತೀರ್ಪು ಸಾಲದು. ಭೌಗೋಳಿಕ ಸೂಚಕ ಮಾನ್ಯತೆ ಚನ್ನಪಟ್ಟಣಕ್ಕೆ ದೊರೆತದ್ದು 2005–06ರ ಸಾಲಿನಲ್ಲಿ. ಅದು ಮುಂದಿನ ಸರಕಿಗೆ ರಕ್ಷಣೆ ಕೊಟ್ಟಿತು, ಹಿಂದಿನ ಸರಕಿನ ಬಗ್ಗೆ ಏನೂ ಹೇಳಲಾರದು.

ಹಾಗಾದರೆ ಕೈಗೆ ಸಿಗುವ ಗಟ್ಟಿ ಸಾಕ್ಷ್ಯ ಯಾವುದು? ಎಲ್ಲರೂ ಎಸೆಯುವ ಕಾಗದ. ಗೊಂಬೆಯ ತಳದಲ್ಲಿ ಅಂಟಿದ ಬೆಲೆಚೀಟಿ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್‌ನಲ್ಲಿ ದಶಮಾನ ನಾಣ್ಯ ಬರುವುದಕ್ಕೆ ಮುಂಚಿನದು, ಅಥವಾ ಹಳೆಯ ಲೆಕ್ಕ ಬಿಡದ ಅಂಗಡಿಯ ಒಂದೆರಡು ವರ್ಷ ಈಚಿನದು. ನಯಾ ಪೈಸೆ ಎಂದಿದ್ದರೆ 1957ರಿಂದ 1964ರ ಆಸುಪಾಸು. ಪೆಟ್ಟಿಗೆಯ ಮೇಲೆ ಮೈಸೂರು ರಾಜ್ಯವೆಂದಿದ್ದರೆ ಅದು 1973ರ ನವೆಂಬರ್ 1ಕ್ಕಿಂತ ಮೊದಲು ಅಚ್ಚಾದದ್ದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಜಿಲ್ಲೆಯ ಹೆಸರು ಇನ್ನೂ ನೆರವಾಗುತ್ತದೆ: 1986ರವರೆಗೆ ಚನ್ನಪಟ್ಟಣ ಬೆಂಗಳೂರು ಜಿಲ್ಲೆಯಲ್ಲಿತ್ತು, ಆಮೇಲೆ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು, 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಕೂಡಿ ರಾಮನಗರ ಜಿಲ್ಲೆಯಾಯಿತು, 2025ರ ಮೇ ತಿಂಗಳಲ್ಲಿ ಅದನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಸರ್ಕಾರದ ಕರಕುಶಲ ನಿಗಮ ಸ್ಥಾಪನೆಯಾದದ್ದು 1964ರಲ್ಲಿ, ಆದ್ದರಿಂದ ನಿಗಮದ ಕಾವೇರಿ ಮಳಿಗೆಯ ಚೀಟಿ ಅದಕ್ಕೂ ಹಿಂದಿನದಾಗಲಾರದು. ದೇಶದ ಎಲ್ಲ ಭೌಗೋಳಿಕ ಸೂಚಕಗಳಿಗೆ ಒಂದೇ ಲಾಂಛನ ಬಂದದ್ದು 2018ರಲ್ಲಿ. ಇಂಥ ನಾಲ್ಕಾರು ಸಂಗತಿಗಳನ್ನು ಬಲ್ಲವರಿಗೆ ಹರಿದ ರಟ್ಟಿನ ಪೆಟ್ಟಿಗೆ ಗೊಂಬೆಗಿಂತ ಹೆಚ್ಚು ಮಾತಾಡುತ್ತದೆ.

ಇಂಥ ಕಾಗದ, ಇಂಥ ಗೊಂಬೆ ಉಳಿದಿರುವುದು ಎಲ್ಲಿ ಎಂದರೆ ಹಳೆಯ ಮೈಸೂರಿನ ಮನೆಗಳ ಅಟ್ಟದಲ್ಲಿ, ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿಯ ಕೃಪೆಯಿಂದ. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು, ಒರೆಸಿ, ಮೆಟ್ಟಿಲ ಮೇಲೆ ಜೋಡಿಸಿ, ಹತ್ತು ದಿನ ಕಳೆದ ಮೇಲೆ ಬಟ್ಟೆಯಲ್ಲಿ ಸುತ್ತಿ ಒಳಗಿಡುವ ಈ ಕ್ರಮ, ಯಾರೂ ಹಾಗೆಂದು ಉದ್ದೇಶಿಸದಿದ್ದರೂ, ಕರ್ನಾಟಕದ ಆಟಿಕೆಗಳ ಅತಿ ದೊಡ್ಡ ದಾಖಲೆಮನೆಯಾಗಿದೆ. ಪಟ್ಟದ ಗೊಂಬೆಯ ಕೆಳಗಿನ ಸಾಲುಗಳಲ್ಲಿ ಚನ್ನಪಟ್ಟಣದ ಬ್ಯಾಂಡಿನವರು, ಸೆಟ್ಟಿ ದಂಪತಿ, ಕುದುರೆ, ಪುಟಾಣಿ ಒಲೆ, ಬೀಸುವ ಕಲ್ಲು ಕೂರುತ್ತವೆ. ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ಯಾವ ಗೊಂಬೆ ಯಾರ ಬಾಣಂತನದಲ್ಲಿ ಬಂದದ್ದು, ಯಾವುದು ಯಾವ ವರ್ಷದ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡದ್ದು ಎಂಬುದು ಬಾಯಿಪಾಠ. ಮನೆ ಖಾಲಿ ಮಾಡುವಾಗ ಗೊಂಬೆಗಳನ್ನು ಹಂಚಿ ಚದುರಿಸಿದರೆ ಈ ಜ್ಞಾನವೂ ಚದುರುತ್ತದೆ. ಆದ್ದರಿಂದ ಒಂದು ಮನೆಯ ಗೊಂಬೆಗಳನ್ನು ಒಂದು ಗುಂಪಾಗಿಯೇ ಉಳಿಸಬೇಕು, ಅದರಲ್ಲಿ ಮುರಿದ ತುಣುಕೂ ಇರಲಿ. ಮಗುವಿನ ಹಲ್ಲಿನ ಗುರುತು ಬಿದ್ದ ಗಿಲಕಿ, ಅಕ್ಷ ಸವೆದ ಮೂರು ಗಾಲಿಯ ನಡೆಯುವ ಬಂಡಿ, ಕುಂಕುಮ ಹಿಡಿದ ಭರಣಿ ಇವು ಬಳಕೆಯ ಚರಿತ್ರೆಯನ್ನು ಹೊತ್ತಿವೆ. ಅಂಗಡಿಯಿಂದ ಆಚೆ ಬಾರದ ವಸ್ತುವಿಗಿಂತ ಅವು ಅಧ್ಯಯನಕ್ಕೆ ಮೇಲು.

ಇದರ ಎದುರು ನಿಲ್ಲುವ ಬಲವಾದ ಆಕ್ಷೇಪ ಕುಶಲಕರ್ಮಿಗಳ ಪಕ್ಷದಿಂದ ಬರುತ್ತದೆ. ಅಗ್ಗದ ಆಮದು ಪ್ಲಾಸ್ಟಿಕ್ ಆಟಿಕೆಗಳ ಹೊಡೆತಕ್ಕೆ ಊರಿನ ಎಷ್ಟೋ ಲೇತುಗಳು ನಿಂತವು. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಗುಣಮಟ್ಟದ ಆದೇಶ ಜಾರಿಯಾಗಿ, ಭೌಗೋಳಿಕ ಸೂಚಕದ ಆಟಿಕೆಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಬದುಕಿರುವ ಕಸುಬಿಗೆ ಬೇಕಾದದ್ದು ಹೊಸ ಗೊಂಬೆ ಕೊಳ್ಳುವವರು, ಹಳೆಯದನ್ನು ಕೈಬದಲಿಸುವವರ ಹಣ ಲೇತಿನವನಿಗೆ ಮುಟ್ಟುವುದಿಲ್ಲ ಎಂಬ ಮಾತು ಸತ್ಯ. ಹಳೆಯ ವಸ್ತುವಿಗೆ ಬೆಲೆ ಏರಿದರೆ ಹೊಸದಕ್ಕೆ ಹೊಗೆ ಹಿಡಿಸಿ ಹಳೆಯದೆಂದು ಮಾರುವವರೂ ಹುಟ್ಟುತ್ತಾರೆ ಎಂಬ ಭಯವೂ ನಿರಾಧಾರವಲ್ಲ. ಆದರೆ ಎರಡೂ ಬೆಲೆಯ ಸುತ್ತ ನಡೆಯುವ ಸಂಗ್ರಹದ ದೋಷಗಳು. ದಾಖಲೆಯನ್ನೇ ಮುಖ್ಯವೆನ್ನುವ ಸಂಗ್ರಹದಲ್ಲಿ ಒಂಟಿ ಗೊಂಬೆಗೆ ಬೆಲೆಯಿಲ್ಲದ ಕಾರಣ ನಕಲು ಮಾಡುವವನಿಗೆ ಲಾಭವಿರದು. ಹಳೆಯ ನಮೂನೆಗಳ ಗುಂಪು ಊರಿನಲ್ಲೇ ನೋಡಲು ಸಿಕ್ಕರೆ ಅದರ ಮೊದಲ ಫಲಾನುಭವಿ ಕುಶಲಕರ್ಮಿಯೇ. ಇಂದಿನ ನಮೂನೆಗಳಲ್ಲಿ ಎಷ್ಟೋ ಹೊರಗಿನ ವಿನ್ಯಾಸಕಾರರು ತಂದವು. ಅವು ಚೆನ್ನಾಗಿಯೇ ಇವೆ. ತಮ್ಮ ತಾತನ ಕಾಲದ ಬೀಸುವ ಕಲ್ಲು ಎಷ್ಟು ತೆಳ್ಳಗೆ ಕಡೆದದ್ದಿತ್ತು ಎಂದು ಕೈಯಲ್ಲಿ ಹಿಡಿದು ನೋಡುವ ಅವಕಾಶವೂ ಕುಶಲಕರ್ಮಿಗಳಿಗೆ ಇರಬೇಕು. ಆಟಿಕೆ ಆಡಿ ಮುರಿಯಲೆಂದೇ ಹುಟ್ಟಿದ್ದು, ಗಾಜಿನ ಕಪಾಟಿಗೆ ಅಲ್ಲ ಎನ್ನುವವರಿಗೆ ಉತ್ತರ ಸರಳ: ಹೊಸದನ್ನು ಮಕ್ಕಳಿಗೆ ಕೊಡಿ, ಹಳೆಯದನ್ನು ಕೊಡಬೇಡಿ. ಭಾರತದ ಹಳೆಯ ಅರಗಿನ ಕೆಲಸದಲ್ಲಿ ಹರಿತಾಳ, ಹಿಂಗುಳದಂಥ ವಿಷಕಾರಿ ಬಣ್ಣಗಳು ಸಾಮಾನ್ಯವಾಗಿದ್ದವು, ಬಾಯಿಗಿಡುವ ಮಗುವಿಗೆ ಅವು ತಕ್ಕವಲ್ಲ.

ಕಾಪಾಡುವ ಕ್ರಮದಲ್ಲಿ ಮಾಡಬಾರದ್ದೇ ಹೆಚ್ಚು. ಸ್ಪಿರಿಟ್, ಸ್ಯಾನಿಟೈಸರ್ ತಾಗಿದರೆ ಅರಗು ಕರಗಿ ಬಣ್ಣ ಎದ್ದುಬರುತ್ತದೆ, ಒಣ ಮೆತ್ತನೆಯ ಬಟ್ಟೆ ಸಾಕು. ಮೇಲೆ ವಾರ್ನಿಷ್ ಬಳಿದರೆ ಮೂಲದ ಹೊಳಪು ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಅರಗೋ ಇಲ್ಲ ಈಚಿನ ಪೇಂಟೋ ಎಂದು ತಿಳಿಯಲೇಬೇಕಾದರೆ ತಳದ ಮರೆಯ ಜಾಗದಲ್ಲಿ ಹತ್ತಿಯ ತುದಿಗೆ ತುಸು ಸ್ಪಿರಿಟ್ ಮುಟ್ಟಿಸಿ ನೋಡಬಹುದು, ಅದೂ ಒಮ್ಮೆ ಮಾತ್ರ. ಬಿಸಿಲು ಬೀಳುವ ಕಿಟಕಿಯ ಬಳಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಡಬಾರದು. ಮೆತ್ತಗಾದ ಅರಗಿಗೆ ಚೀಲ ಅಂಟುತ್ತದೆ. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಮರಕ್ಕೆ ಹುಳು ಬಿದ್ದಿದೆ, ಆ ವಸ್ತುವನ್ನು ಕೂಡಲೇ ಬೇರೆ ಇಡಬೇಕು.

ಸಂಗ್ರಹಕ್ಕೆ ನೆಲೆ ಹುಡುಕಲು ದೂರ ಹೋಗಬೇಕಾಗಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹೆದ್ದಾರಿಯ ಪಕ್ಕದಲ್ಲೇ ಇದೆ. ಡಚ್ ಸರ್ಕಾರದ ನೆರವಿನಿಂದ ಕರಕುಶಲ ನಿಗಮ ನಡೆಸಿದ ಅರಗಿನ ಸಾಮಾನಿನ ಕೇಂದ್ರ ಚನ್ನಪಟ್ಟಣದಲ್ಲೇ ಇದೆ. ಇಂಥ ಕಡೆ ಮನೆಮನೆಯ ಹೆಸರಿನಲ್ಲಿ ಗೊಂಬೆಯ ಗುಂಪುಗಳನ್ನು ಇಡಲು ಒಂದು ಕೋಣೆ, ಒಂದು ದಾಖಲೆ ಪುಸ್ತಕ ಸಾಕು. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು: ಬರುವ ನವರಾತ್ರಿಯಲ್ಲಿ ಗೊಂಬೆ ತೆಗೆದಾಗ ಒಂದೊಂದರ ಫೋಟೊ ತೆಗೆದು, ಅದು ಯಾವಾಗ, ಎಲ್ಲಿಂದ, ಯಾರಿಗಾಗಿ ಬಂತೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ; ಚೀಟಿ, ಪೆಟ್ಟಿಗೆ ಎಸೆಯಬೇಡಿ. ಚನ್ನಪಟ್ಟಣದಲ್ಲಿ ಹೊಸ ಗೊಂಬೆ ಕೊಂಡರೆ ಮಾಡಿದವರ ಹೆಸರನ್ನು ಅವರ ಕೈಯಲ್ಲೇ, ಅವರ ಒಪ್ಪಿಗೆಯಿಂದ, ತಾರೀಖಿನ ಸಮೇತ ತಳದಲ್ಲಿ ಬರೆಸಿಕೊಳ್ಳಿ.